ತಮ್ಮನಿಗೆ ದೊಡ್ಡಕರುಳಿನ ಕ್ಯಾನ್ಸರ್, 4ನೇ ಹಂತ ಅಂದಿದ್ದಾರೆ. ಗೊತ್ತಿರೋರು ದಾರಿ ಹೇಳಿ

ಲಗ್ಗೆರೆ ಅಕ್ಕ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ, ಅದಕ್ಕೇ ಬರೀತಿದೀನಿ. ನನ್ನ ತಮ್ಮನಿಗೆ 42 ವರ್ಷ. ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಆಪರೇಟರ್. ಯುಗಾದಿ ಆದಮೇಲಿಂದ ಮೋಷನ್‌ಗೆ ಹೋದಾಗ ರಕ್ತ ಬೀಳ್ತಿತ್ತಂತೆ. ನಾಚಿಕೆ ಪಟ್ಟುಕೊಂಡು ಯಾರಿಗೂ ಹೇಳಿಲ್ಲ. ಒಂದು ಪೈಲ್ಸ್ ಕ್ಲಿನಿಕ್ಕಿಗೆ ಹೋಗಿ ಏಳೆಂಟು ತಿಂಗಳು ಮುಲಾಮು, ಪುಡಿ ಅಂತ ತಗೊಂಡಿದಾನೆ. ಅಲ್ಲಿ ಯಾರೂ ಒಂದು ಸಲಾನೂ ಒಳಗೆ ಕ್ಯಾಮೆರಾ ಬಿಟ್ಟು ನೋಡಿಲ್ಲ. ದೀಪಾವಳಿ ಮಾರನೇ ದಿನ ಹೊಟ್ಟೆ ಊದಿಕೊಂಡು ವಾಂತಿ ಶುರುವಾಯ್ತು. ರಾತ್ರೋರಾತ್ರಿ ಹತ್ತಿರದ ಆಸ್ಪತ್ರೆಗೆ ಸೇರಿಸಿದ್ವಿ, ಕರುಳು ಕಟ್ಟಿಕೊಂಡಿದೆ ಅಂತ ಆಪರೇಷನ್ ಮಾಡಿ ಗಡ್ಡೆ ತೆಗೆದು, ಮಲ ಹೊರಗೆ ಬರೋಕೆ ಹೊಟ್ಟೆ ಮೇಲೆ ಚೀಲ ಇಟ್ಟಿದ್ದಾರೆ.

ಬಯಾಪ್ಸಿ ಬಂತು, ಕ್ಯಾನ್ಸರ್. ಪೆಟ್ ಸ್ಕ್ಯಾನ್‌ನಲ್ಲಿ ಲಿವರ್ ಎರಡೂ ಕಡೆ ಸೇರಿ 5 ಗಡ್ಡೆ. ಒಬ್ಬ ಡಾಕ್ಟ್ರು 12 ಕೀಮೋ ಅಂದ್ರು. ಇನ್ನೊಂದು ಕಡೆ ತೋರಿಸಿದ್ರೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಜೊತೆ ಹೋರಾಡಿಸೋ ಔಷಧಿ) ಮಾಡಿಸಿ ಅಂತ ಖರ್ಚಿನ ಅಂದಾಜು ಪಟ್ಟಿ ಕೊಟ್ರು, ನೋಡಿ ಕೈಕಾಲು ತಣ್ಣಗಾಯ್ತು. ಭಾವ ಮುಂಬೈಗೆ ಕರ್ಕೊಂಡು ಹೋಗೋಣ ಅಂತಾರೆ. ಚಿಕ್ಕಮ್ಮ ಮಲೆನಾಡಿನ ಕಡೆ ಯಾರೋ ತೊಗಟೆ ಕೊಡ್ತಾರೆ ಅಂತಾರೆ. ಇನ್ಶೂರೆನ್ಸ್ ಇಲ್ಲ. ಮಗಳು ಎಸ್ಸೆಸ್ಸೆಲ್ಸಿ. ಅವನಿಗೆ ಇನ್ನೂ ಕ್ಯಾನ್ಸರ್ ಅಂತ ಹೇಳಿಲ್ಲ, "ಕರುಳಲ್ಲಿ ಹುಣ್ಣು" ಅಂತ ಹೇಳಿದೀವಿ. ಅಮ್ಮ ಹೇಳೋದೇ ಬೇಡ ಅಂತ ಕೂತಿದ್ದಾರೆ.

ಎಲ್ಲಿ ತೋರಿಸಲಿ? ಏನು ಕೇಳಲಿ?

ಕತ್ರಿಗುಪ್ಪೆ ರಾಘು
ಅಕ್ಕ, ಧೈರ್ಯ ತಗೊಳ್ಳಿ. ಗಡ್ಡೆ ಇದ್ದಿದ್ದು ಕರುಳಿನ ಎಡಗಡೆನಾ ಬಲಗಡೆನಾ? ರಿಪೋರ್ಟಲ್ಲಿ ಬರೆದಿರ್ತಾರೆ.

ಲಗ್ಗೆರೆ ಅಕ್ಕ
ಸಿಗ್ಮಾಯ್ಡ್ ಅಂತ ಇದೆ.

ವಾರ್ಡ್ ಸಿಸ್ಟರ್
ಸಿಗ್ಮಾಯ್ಡ್ ಅಂದ್ರೆ ಎಡಭಾಗ. ನಾನು ಕ್ಯಾನ್ಸರ್ ವಾರ್ಡಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡ್ತಿದೀನಿ, ಡಾಕ್ಟರ್ ಅಲ್ಲ. ನಾನು ಹೇಳೋದನ್ನ ಹಾಗೇ ಒಪ್ಪಿಕೊಳ್ಳಬೇಡಿ, ಒಯ್ದು ಡಾಕ್ಟರ್ ಮುಂದಿಟ್ಟು ಕೇಳಿ.

ಮೇಡಂ, ಎಲ್ಲಿ ತೋರಿಸೋದು ಅನ್ನೋದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಆಪರೇಷನ್ ಆದ ಆಸ್ಪತ್ರೆಯ ಲ್ಯಾಬಲ್ಲಿ ತೆಗೆದ ಗಡ್ಡೆಯ ತುಂಡನ್ನ ಮೇಣದಲ್ಲಿ ಕೂರಿಸಿ ಇಟ್ಟಿರ್ತಾರೆ. ಬ್ಲಾಕ್ ಅಂತಾರೆ. ಅದನ್ನ ಕೇಳಿ ಬರೆದುಕೊಟ್ಟು ಈಸ್ಕೊಳ್ಳಿ. ಅದರ ಮೇಲೆ ರಾಸ್, ಬ್ರಾಫ್, ಎಂಎಂಆರ್ ಅನ್ನೋ ಜೀನ್‌ಗಳ ಪರೀಕ್ಷೆ ಮಾಡಿಸಬೇಕು, ಆ ಗಡ್ಡೆಗೆ ಯಾವ ಔಷಧಿ ಹತ್ತುತ್ತೆ ಅಂತ ಅದರಿಂದ ತಿಳಿಯುತ್ತೆ. ಈ ಮೂರು ಗೊತ್ತಾಗದೆ ಇಮ್ಯುನೋಥೆರಪಿ ಅಂತ ಯಾರು ಪಟ್ಟಿ ಕೊಟ್ಟರೂ ಒಂದು ರೂಪಾಯಿ ಕಟ್ಟಬೇಡಿ. ಕರುಳಿನ ಕ್ಯಾನ್ಸರ್ ಬೇರೆ ಕಡೆ ಹರಡಿರೋರಲ್ಲಿ ನೂರಕ್ಕೆ ಸುಮಾರು ಐದು ಜನರಿಗೆ ಮಾತ್ರ ಎಂಎಂಆರ್ ದೋಷ ಇರುತ್ತೆ. ಅಂಥವರಿಗೆ ಪೆಂಬ್ರೊಲಿಜುಮಾಬ್ ಅನ್ನೋ ಇಮ್ಯುನೋಥೆರಪಿ ಔಷಧಿ ನಿಜವಾಗಲೂ ಚೆನ್ನಾಗಿ ಕೆಲಸ ಮಾಡುತ್ತೆ, ಕೀಮೋಗಿಂತ ಚೆನ್ನಾಗಿ. 2020ರ ಕೀನೋಟ್-177 ಅಧ್ಯಯನ ಬಂದಮೇಲೆ ಮೊದಲ ಔಷಧಿಯಾಗೇ ಕೊಡೋಕೆ ಶುರು ಮಾಡಿದ್ರು. ಮಿಕ್ಕ ತೊಂಬತ್ತೈದು ಜನರಿಗೆ ಅದೊಂದನ್ನೇ ಕೊಟ್ಟರೆ ಪ್ರಯೋಜನ ಕಾಣಲ್ಲ, ಮನೆ ಮಾತ್ರ ಮುಳುಗುತ್ತೆ.

ರಾಸ್ ಸರಿ ಇದ್ದು ಗಡ್ಡೆ ಎಡಗಡೆ ಇದ್ದರೆ ಕೀಮೋ ಜೊತೆ ಸೆಟುಕ್ಸಿಮಾಬ್ ಥರದ ಔಷಧಿ ಸೇರಿಸ್ತಾರೆ. ರಾಸ್ ಕೆಟ್ಟಿದ್ದರೆ ಅದು ಕೆಲಸ ಮಾಡಲ್ಲ, ಬೆವಾಸಿಜುಮಾಬ್ ಅನ್ನೋ ಬೇರೆ ಔಷಧಿ ಕಡೆ ಹೋಗ್ತಾರೆ. ರಾಘು ಅವರು ಎಡನಾ ಬಲನಾ ಅಂತ ಕೇಳಿದ್ದು ಇದಕ್ಕೇ.

ಡಾಕ್ಟರಿಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: "ಲಿವರ್‌ನಲ್ಲಿರೋದನ್ನ ಈಗಲೋ, ಕೀಮೋದಿಂದ ಕುಗ್ಗಿದ ಮೇಲೋ ತೆಗೆಯೋಕೆ ಆಗುತ್ತಾ? ಲಿವರ್ ಸರ್ಜನ್ ನೋಡಿದ್ದಾರಾ?" 4ನೇ ಹಂತ ಅಂದ ತಕ್ಷಣ ಮುಗೀತು ಅಂತಲ್ಲ. ಲಿವರ್‌ಗೆ ಮಾತ್ರ ಹೋಗಿದ್ದರೆ ಕೆಲವರಿಗೆ ಆಪರೇಷನ್ ಆಗುತ್ತೆ, ಎರಡೂ ಭಾಗದಲ್ಲಿದ್ರೂ ಎರಡು ಕಂತಲ್ಲಿ ಮಾಡೋದುಂಟು. ಎಲ್ಲರಿಗೂ ಆಗುತ್ತೆ ಅಂತ ಆಸೆ ಹುಟ್ಟಿಸಲ್ಲ. ಆದರೆ ಕೇಳದೆ ಬಿಡಬೇಡಿ.

ಸಂಜು ವಿಜಯನಗರ
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಮಾವನಿಗೆ ಟೆಸ್ಟ್ ಮಾಡದೇನೇ ಇಮ್ಯುನೋ ಶುರು ಮಾಡಿದ್ರು. ತುಮಕೂರಿನ ಸೈಟ್ ಮಾರಿ ನಾಲ್ಕು ಡೋಸ್ ಹಾಕಿಸಿದ್ವಿ. ಆಮೇಲೆ ಬೇರೆ ಡಾಕ್ಟ್ರು ಟೆಸ್ಟ್ ಮಾಡಿಸಿದಾಗ, ಆ ಔಷಧಿಗೂ ಅವರ ಗಡ್ಡೆಗೂ ಸಂಬಂಧವೇ ಇಲ್ಲ ಅಂತ ಗೊತ್ತಾಯ್ತು. ಸೈಟ್ ಹೋಯ್ತು, ಮೂರು ತಿಂಗಳೂ ಹೋಯ್ತು. ಸೈಟಿಗಿಂತ ಆ ಮೂರು ತಿಂಗಳು ಹೋಗಿದ್ದೇ ಈಗಲೂ ಸುಡುತ್ತೆ.

ಹಸಿರು ಮನೆ
ಕೀಮೋ ಅಂದ್ರೆ ವಿಷ. ನಮ್ಮ ಪರಿಚಯದವರು ಲಕ್ಷ್ಮಣ ಫಲದ ಎಲೆ ಕಷಾಯ, ಅರಿಶಿನ ತಗೊಂಡು ಆರಾಮಾಗಿದ್ದಾರೆ. ಮಲೆನಾಡಿನ ತೊಗಟೆ ಔಷಧಿಗೆ ಅಷ್ಟೊಂದು ಜನ ಸಾಲು ನಿಲ್ತಾರೆ ಅಂದ್ರೆ ಸುಮ್ನೆನಾ? ಒಂದು ಸಲ ಹೋಗಿಬನ್ನಿ, ಕಳ್ಕೊಳ್ಳೋದೇನಿದೆ?

ಸಂಜು ವಿಜಯನಗರ
ಕಳ್ಕೊಳ್ಳೋದು ಟೈಮು. ಆಗಲೇ ಎಂಟು ತಿಂಗಳು ಪೈಲ್ಸ್ ಪುಡಿಗೆ ಹೋಗಿದೆ, ಅಕ್ಕ ಬರೆದಿದ್ದು ಓದಿದ್ರಾ?

ಹಸಿರು ಮನೆ
ನಂಬಿಕೆಗೆ ಮರ್ಯಾದೆ ಕೊಡಿ ಸಾರ್. ನಾನು ಕೆಟ್ಟದ್ದು ಬಯಸಿ ಹೇಳ್ತಿಲ್ಲ.

ವಾರ್ಡ್ ಸಿಸ್ಟರ್
ನೀವು ಒಳ್ಳೆ ಮನಸ್ಸಿಂದಲೇ ಹೇಳಿದ್ದೀರಿ, ಗೊತ್ತು. ಲಕ್ಷ್ಮಣ ಫಲದ ಸಾರ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕಣ ಸಾಯಿಸಿದ್ದು ಹೌದು. ಹಾಗೆ ತಟ್ಟೆಯಲ್ಲಿ ಸಾಯಿಸೋ ವಸ್ತು ಸಾವಿರ ಇವೆ. ಮನುಷ್ಯನ ದೇಹದಲ್ಲಿ ಗುಣ ಮಾಡಿದ ಪುರಾವೆ ಇಲ್ಲ. ನನ್ನ ಭಯ ಇನ್ನೊಂದು. ಕೀಮೋ ಕೊಡೋ ಮುಂಚೆ ಪ್ರತಿ ಸಲ ಲಿವರ್ ಟೆಸ್ಟ್ ನೋಡ್ತಾರೆ. ಇವರ ಲಿವರ್ ಮೊದಲೇ ನೊಂದಿದೆ. ಕಷಾಯ ಕುಡಿದು ಟೆಸ್ಟ್ ಏರುಪೇರಾದ್ರೆ ಕೀಮೋ ಮುಂದಕ್ಕೆ ಹೋಗುತ್ತೆ. ಇಂಥವರನ್ನ ನಾನೇ ಎಷ್ಟೋ ಸಲ ವಾಪಸ್ ಕಳಿಸಿದ್ದೀನಿ, ಅವರ ಮುಖ ನೋಡೋಕಾಗಲ್ಲ. ಏನೇ ತಗೊಂಡರೂ ಡಾಕ್ಟರಿಂದ ಮುಚ್ಚಿಡಬೇಡಿ, ಅಷ್ಟೇ ಬೇಡೋದು.

ಧಾರವಾಡದಾಂವ
ಅಕ್ಕಾರ, ನಮ್ಮ ದೊಡ್ಡಪ್ಪಗ ಇದ ರೋಗ ಆಗಿತ್ರಿ. ಕಿದ್ವಾಯಿಯೊಳಗ ತೋರಿಸಿದ್ವಿ. ಡೈರಿ ಸರ್ಕಲ್ ಹತ್ತರ ಇಳದ್ರ ಯಾರನ್ನ ಕೇಳಿದ್ರೂ ಹೇಳ್ತಾರ. 1973ರಾಗ ಶುರು ಆದ ದವಾಖಾನಿ, ಸರಕಾರದ್ದು. ನಾವು ಊರಿಂದ ಬಂದವರು, ಇರಾಕ ಜಾಗಾ ಇರಲಿಲ್ಲ. ಅಲ್ಲೇ ಧರ್ಮಶಾಲಾ ಐತ್ರಿ, ಅದರಾಗ ಇದ್ವಿ. ಮುಂಜಾನೆ ಲಗೂನ ಹೋಗ್ರಿ. ರೇಷನ್ ಕಾರ್ಡು, ಆಧಾರ, ಬಯಾಪ್ಸಿ ಕಾಗದ, ಸ್ಕ್ಯಾನಿನ ಸಿಡಿ, ಎಲ್ಲಾ ಒಂದ ಚೀಲದಾಗ ಇಟಗೊಂಡು ಹೋಗ್ರಿ. ಜೆರಾಕ್ಸ್ ನಾಕ ನಾಕ ಸೆಟ್ ಮಾಡಿಸ್ರಿ, ಅಲ್ಲಿ ಹೋಗಿ ಹುಡಕ್ಯಾಡೂದು ಬ್ಯಾಡ.

ಬಿಪಿಎಲ್ ಕಾರ್ಡ್ ಐತೇನ್ರಿ?

ನಿವೃತ್ತ ಗುಮಾಸ್ತ
ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. 2018ರಿಂದ ಇದೆ. ಎಪಿಎಲ್ ಆದರೆ ನಿಗದಿತ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಪಡೆಯಿರಿ. ದುಡ್ಡು ಕಟ್ಟಿದ ಮೇಲೆ ಹಿಂದಕ್ಕೆ ಪಡೆಯುವುದು ಬಹಳ ಕಷ್ಟ.

ಔಷಧಿ ಬಗ್ಗೆ ಒಂದು ಮಾತು. ಕ್ಯಾನ್ಸರ್ ಔಷಧಿಯ ಪೆಟ್ಟಿಗೆ ಮೇಲೆ ಮುದ್ರಿಸಿದ ಬೆಲೆಗೂ ನಿಜಕ್ಕೆ ಸಿಗುವ ಬೆಲೆಗೂ ಅಜಗಜಾಂತರ ಇರಬಹುದು. ಒಂದೇ ಅಂಗಡಿಯ ಬೆಲೆ ನಂಬಬೇಡಿ, ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.

ಪೀಣ್ಯ 2ನೇ ಹಂತ
ಅಕ್ಕ, ಒಂದು ನಿಮಿಷ. ತಮ್ಮನ ಸಂಬಳ ಎಷ್ಟು? ಪೇ ಸ್ಲಿಪ್ಪಲ್ಲಿ ಇಎಸ್‌ಐ ಅಂತ ಕಟ್ ಆಗುತ್ತಾ ನೋಡಿ. ತಿಂಗಳಿಗೆ 21,000 ಒಳಗಿದ್ದರೆ ಇಎಸ್‌ಐ ಇರಲೇಬೇಕು. ಇನ್ಶೂರೆನ್ಸ್ ಇಲ್ಲ ಅಂತ ಬರೆದಿದ್ದೀರಿ, ಆದರೆ ನಮ್ಮ ಹುಡುಗರು ಎಷ್ಟೋ ಜನಕ್ಕೆ ಇಎಸ್‌ಐ ಕೂಡ ಇನ್ಶೂರೆನ್ಸೇ ಅಂತ ಗೊತ್ತಿರಲ್ಲ.

ಲಗ್ಗೆರೆ ಅಕ್ಕ
ಈಗ ಅವನ ಹೆಂಡತಿಗೆ ಫೋನ್ ಮಾಡಿ ಸ್ಲಿಪ್ಪಿನ ಫೋಟೋ ತರಿಸಿಕೊಂಡೆ. ಸಂಬಳ 19,400. ಇಎಸ್‌ಐ ಕಟ್ ಆಗ್ತಿದೆ! ಅದೇ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಇದ್ದಾನೆ. ಅದು ಜ್ವರ ನೆಗಡಿಗೆ ಮಾತ್ರ ಅಂತ ತಿಳ್ಕೊಂಡಿದ್ದಾನಂತೆ.

ಪೀಣ್ಯ 2ನೇ ಹಂತ
ಹಾಗಾದ್ರೆ ನಾಳೆ ಬೆಳಿಗ್ಗೆನೇ ಹೊರಡಿ. ರಾಜಾಜಿನಗರ ಇಎಸ್‌ಐ ಆಸ್ಪತ್ರೆ ನಿಮಗೆ ಹತ್ತಿರ. ಅವರಲ್ಲಿ ಇಲ್ಲದ ಚಿಕಿತ್ಸೆಗೆ ಒಪ್ಪಂದ ಇರೋ ಆಸ್ಪತ್ರೆಗೆ ಬರೆದು ಕೊಡ್ತಾರೆ, ಖರ್ಚು ಇಎಸ್‌ಐದೇ. ಇನ್ನೊಂದು ಮುಖ್ಯ ವಿಷಯ: ಕ್ಯಾನ್ಸರ್ ಥರದ ದೀರ್ಘ ಕಾಯಿಲೆಗೆ ವಿಸ್ತರಿತ ಅನಾರೋಗ್ಯ ಭತ್ಯೆ ಅಂತ ಇದೆ. ಎರಡು ವರ್ಷ ಕೆಲಸದಲ್ಲಿದ್ದು ಕಂತು ಸರಿಯಾಗಿ ಕಟ್ಟಿದ್ದರೆ ದಿನಗೂಲಿಯ ಶೇ. 80ರಷ್ಟು ಬರುತ್ತೆ, ಎರಡು ವರ್ಷದವರೆಗೂ. ಅವನು ಕೆಲಸಕ್ಕೆ ಹೋಗದಿದ್ರೂ ಮನೆ ಬಾಡಿಗೆಗೆ ದಾರಿ ಆಗುತ್ತೆ. ದಯವಿಟ್ಟು ಅವನ ಕೈಲಿ ರಾಜೀನಾಮೆ ಮಾತ್ರ ಬರೆಸಬೇಡಿ. ಎಚ್‌ಆರ್‌ನವರು ಎಷ್ಟು ಪ್ರೀತಿಯಿಂದ ಕೇಳಿದ್ರೂ ಬೇಡ.

ಲಗ್ಗೆರೆ ಅಕ್ಕ
ಮೊನ್ನೆ ತಾನೇ ಕೇಳಿದ್ರಂತೆ ಅಣ್ಣ. ಇವನು ಬರೆದುಕೊಡೋಣ ಅಂತಿದ್ದ. ಈಗಲೇ ತಡೀತೀನಿ.

ಭಾನು ಹೊಸಕೆರೆಹಳ್ಳಿ
ಮುಂಬೈ ಟಾಟಾ ಕ್ಯಾನ್ಸರ್ ಆಸ್ಪತ್ರೆ ಬಗ್ಗೆ ಯಾರೂ ಹೇಳಲಿಲ್ಲ. ದೇಶದಲ್ಲೇ ದೊಡ್ಡದು, ನಾನಾದ್ರೆ ಅಲ್ಲಿಗೇ ಹೋಗ್ತಿದ್ದೆ. ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ರಿಯಾಯಿತಿನೂ ಇದೆ.

ಕತ್ರಿಗುಪ್ಪೆ ರಾಘು
ಟಾಟಾ ದೊಡ್ಡದೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಕೀಮೋ ಎರಡು ವಾರಕ್ಕೊಮ್ಮೆ. ಹೊಟ್ಟೆಗೆ ಚೀಲ ಹಾಕಿಕೊಂಡು, ಬಾಯಿ ಹುಣ್ಣು ಇಟ್ಟುಕೊಂಡು ಸಾವಿರ ಕಿಲೋಮೀಟರ್ ಹತ್ತಿರ ಪ್ರಯಾಣ ಹನ್ನೆರಡು ಸಲ ಆಗುತ್ತಾ? ಟಾಟಾದವರೇ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಕಟ್ಟಿದ್ದಾರೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳು ಒಂದೇ ಮಾರ್ಗಸೂಚಿ ಇಟ್ಟುಕೊಳ್ಳಲಿ, ರೋಗಿ ತನ್ನ ಊರ ಹತ್ತಿರವೇ ಚಿಕಿತ್ಸೆ ಪಡೆಯಲಿ ಅಂತಲೇ. ಕಿದ್ವಾಯಿನೂ ಅದರಲ್ಲಿದೆ. ಬೇಕಿದ್ದರೆ ರಿಪೋರ್ಟ್ ಕಳಿಸಿ ಅಭಿಪ್ರಾಯ ಅಲ್ಲಿಂದ ತಗೊಳ್ಳಿ, ಔಷಧಿ ಇಲ್ಲೇ ಹಾಕಿಸಿ.

ಭಾನು ಹೊಸಕೆರೆಹಳ್ಳಿ
ಲಿವರ್ ಆಪರೇಷನ್‌ಗಾದ್ರೂ ಹೋಗಬಹುದಲ್ಲ?

ಕತ್ರಿಗುಪ್ಪೆ ರಾಘು
ಅದಕ್ಕೆ ಒಪ್ತೀನಿ. ಆದರೆ ಲಿವರ್ ಸರ್ಜನ್‌ಗಳು ಬೆಂಗಳೂರಲ್ಲೂ ಇದ್ದಾರೆ, ಮೊದಲು ಇಲ್ಲಿ ವಿಚಾರಿಸಲಿ.

ಚೀಲದ ಜೊತೆ 6 ವರ್ಷ
ಎಲ್ಲರೂ ದೊಡ್ಡ ವಿಷಯ ಮಾತಾಡ್ತಿದ್ದೀರಿ, ನಾನು ಚೀಲದ ವಿಷಯ ಹೇಳ್ತೀನಿ. ನಿಮ್ಮ ತಮ್ಮ ಈಗ ಅದನ್ನ ನೋಡಿ ಅಸಹ್ಯ ಪಡ್ತಿರಬಹುದು. ನಾನೂ ಮೊದಲ ತಿಂಗಳು ಕನ್ನಡಿ ನೋಡಿರಲಿಲ್ಲ. ಈಗ ಬಿಎಂಟಿಸಿಯಲ್ಲಿ ನಿಂತ್ಕೊಂಡು ಕೆಲಸಕ್ಕೆ ಹೋಗಿಬರ್ತೀನಿ.

ಸುತ್ತ ಚರ್ಮ ಕೆಂಪಾಗಿ ಉರೀತಿದ್ರೆ ಅಂಟೋ ಬಿಲ್ಲೆಯ ತೂತು ದೊಡ್ಡದಾಗಿ ಕತ್ತರಿಸಿದ್ದೀರಿ ಅಂತ ಲೆಕ್ಕ. ಆಪರೇಷನ್ ಆದ ಮೊದಲ ಆರೆಂಟು ವಾರ ಕರುಳಿನ ಬಾಯಿ ಊದಿರುತ್ತೆ, ಆಮೇಲೆ ಕುಗ್ಗುತ್ತೆ. ವಾರಕ್ಕೊಮ್ಮೆ ಅಳತೆ ತೆಗೆದು ಕತ್ತರಿಸಿ. ಬರೀ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಅಂಟಿಸಿ. ಡೆಟಾಲ್, ಪೌಡರ್, ಕೊಬ್ಬರಿ ಎಣ್ಣೆ ಯಾವುದೂ ಬೇಡ, ಎಣ್ಣೆ ಇದ್ರೆ ಅಂಟಲ್ಲ. ಮೂರರಲ್ಲೊಂದು ಭಾಗ ತುಂಬಿದ ತಕ್ಷಣ ಖಾಲಿ ಮಾಡಿ, ಭಾರಕ್ಕೆ ಕಿತ್ತುಕೊಂಡು ಬರಬಾರದು.

ಊಟದಲ್ಲಿ ಗ್ಯಾಸ್ ಮಾಡೋದು ಎಲೆಕೋಸು, ಹುರುಳಿಕಾಳು, ಮೊಟ್ಟೆ. ಈಗ ಅವರೆಕಾಯಿ ಸೀಸನ್ ಬೇರೆ. ಹಿತಕಿದ ಬೇಳೆ ಸಾರು ಅಂದ್ರೆ ಅವನಿಗೆ ಪ್ರಾಣ ಅಂತಿದ್ದರೆ ಒಂದು ಸೌಟು ಹಾಕಿ ನೋಡಿ, ಆಗದಿದ್ರೆ ಬಿಡಿ. ಪೂರ್ತಿ ಪಥ್ಯ ಅಂತ ಗಂಜಿ ಮೇಲೆ ಕೂರಿಸಬೇಡಿ, ತೂಕ ಇಳಿದ್ರೆ ಕೀಮೋ ತಡ್ಕೊಳ್ಳೋಕಾಗಲ್ಲ.

ಸಂಜು ವಿಜಯನಗರ
ಅಣ್ಣ, ಅವರೆಕಾಳು ಉಪ್ಪಿಟ್ಟಿಗೂ ಇದೇ ಕಥೆನಾ?

ಚೀಲದ ಜೊತೆ 6 ವರ್ಷ
ಹೂಂ. ಸಿಪ್ಪೆ ತೆಗೆದರೆ ಸ್ವಲ್ಪ ವಾಸಿ. ನಾನಂತೂ ಭಾನುವಾರ ಮನೆಯಲ್ಲಿರೋ ದಿನ ನೋಡ್ಕೊಂಡು ತಿಂತೀನಿ.

ಮಲ್ಲೇಶ್ವರದ ಮಗಳು
ಅಕ್ಕ, ನಾನು ಬೇರೆ ವಿಷಯಕ್ಕೆ ಬರ್ತೀನಿ. ತಮ್ಮನಿಗೆ ಹೇಳಿ.

ನಮ್ಮಮ್ಮನಿಗೆ ನಾವು ಹೇಳಲಿಲ್ಲ. ಗರ್ಭಕೋಶದ ಗಡ್ಡೆ, ವಾಸಿಯಾಗುತ್ತೆ ಅಂತ ಹನ್ನೊಂದು ತಿಂಗಳು ನಾಟಕ ಆಡಿದ್ವಿ. ಆಸ್ಪತ್ರೆ ಬೋರ್ಡಲ್ಲಿ ಕ್ಯಾನ್ಸರ್ ಅಂತ ಬರೆದಿದೆಯಲ್ಲ ಅಂತ ಕೇಳಿದ್ರೆ ಇಲ್ಲಿ ಎಲ್ಲ ಥರದವರೂ ಬರ್ತಾರಮ್ಮ ಅಂತಿದ್ದೆ. ಕೊನೆಗೆ ಅವರು ಏನೂ ಕೇಳೋದೇ ಬಿಟ್ಟರು. ನೋವಿದೆ ಅಂತಲೂ ಹೇಳ್ತಿರಲಿಲ್ಲ. ಅವರ ಒಡವೆ ಯಾರಿಗೆ, ತಂಗಿ ಮದುವೆ ಹೇಗೆ, ಯಾವುದನ್ನೂ ಬಾಯಿಬಿಟ್ಟು ಮಾತಾಡೋ ಅವಕಾಶ ನಾವೇ ಕಿತ್ಕೊಂಡ್ವಿ.

ನಿವೃತ್ತ ಗುಮಾಸ್ತ
ಕ್ಷಮಿಸಿ, ಎಲ್ಲರ ಮನಸ್ಸೂ ಒಂದೇ ಥರ ಇರುವುದಿಲ್ಲ. ನನ್ನ ಅಣ್ಣನಿಗೆ ಡಾಕ್ಟರ್ ನೇರವಾಗಿ ಹೇಳಿಬಿಟ್ಟರು. ಅವತ್ತಿನಿಂದ ಊಟ ಬಿಟ್ಟ. ವಯಸ್ಸಾದ ತಾಯಿ ಬೇಡ ಎನ್ನುತ್ತಿದ್ದಾರೆ ಎಂದರೆ ಅದಕ್ಕೂ ಬೆಲೆ ಇರಬೇಕು.

ಮಲ್ಲೇಶ್ವರದ ಮಗಳು
ಹೇಳಿದ ರೀತಿ ತಪ್ಪಾಗಿರಬಹುದು ಸರ್. ಆದರೆ 42 ವರ್ಷದ ಗಂಡಸು, ಹೆಂಡತಿ ಮಗಳು ಇರೋನು. ಅವನ ದೇಹದ ವಿಷಯ ಊರಿಗೆಲ್ಲ ಗೊತ್ತು, ಅವನಿಗೆ ಮಾತ್ರ ಗೊತ್ತಿಲ್ಲ ಅಂದ್ರೆ ಹೇಗೆ? ಗೊತ್ತಿಲ್ಲ ಅಂತಲೇ ತಾನೇ ರಾಜೀನಾಮೆ ಬರೆಯೋಕೆ ಹೊರಟಿದ್ದು!

ನಿವೃತ್ತ ಗುಮಾಸ್ತ
ಆ ರಾಜೀನಾಮೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ ತಾಯಿ. ಸರಿಯಾಗಿ ಹೇಳಿದ್ದೀರಿ.

ವಾರ್ಡ್ ಸಿಸ್ಟರ್
ಮೊದಲೇ ಎಲ್ಲ ಸುರಿಯಬೇಡಿ. "ಡಾಕ್ಟ್ರು ಏನೇನು ಹೇಳಿದ್ರು ಅಂತ ನಿನಗೆ ಪೂರ್ತಿ ತಿಳ್ಕೊಬೇಕು ಅನ್ಸುತ್ತಾ?" ಅಂತ ಕೇಳಿ. ಅವರು ಎಷ್ಟು ಕೇಳ್ತಾರೋ ಅಷ್ಟಕ್ಕೆ ಸುಳ್ಳಿಲ್ಲದ ಉತ್ತರ ಕೊಡಿ. ಎಷ್ಟು ದಿನ ಬದುಕ್ತೀನಿ ಅಂತ ಕೇಳಿದ್ರೆ ನೀವು ಲೆಕ್ಕ ಹೇಳಬೇಡಿ, ಡಾಕ್ಟರ್ ಹತ್ರ ಒಟ್ಟಿಗೆ ಹೋಗಿ ಕೇಳೋಣ ಅನ್ನಿ.

ನೋವಿನ ವಿಷಯಕ್ಕೆ ಪ್ಯಾಲಿಯೇಟಿವ್ ವೈದ್ಯರನ್ನ ಈಗಿನಿಂದಲೇ ಭೇಟಿ ಮಾಡಿಸಿ. ಮಾರತಹಳ್ಳಿ ಕಡೆ ವರ್ತೂರು ರಸ್ತೆಯಲ್ಲಿ ಕರುಣಾಶ್ರಯ ಇದೆ, ದುಡ್ಡು ತಗೊಳ್ಳಲ್ಲ, ಮನೆಗೆ ಬಂದು ನೋಡೋ ತಂಡವೂ ಇದೆ.

ಲಗ್ಗೆರೆ ಅಕ್ಕ
ಸಿಸ್ಟರ್, ಕರುಣಾಶ್ರಯ ಅಂದ್ರೆ ಕೊನೆಗಾಲದವರನ್ನ ಇಡೋದಲ್ವಾ? ಓದಿ ಎದೆ ಧಸಕ್ ಅಂತು.

ವಾರ್ಡ್ ಸಿಸ್ಟರ್
ತಪ್ಪಾಯ್ತು ಮೇಡಂ, ಹಾಗೆ ದಿಢೀರ್ ಅಂತ ಬರೀಬಾರದಿತ್ತು. ಒಳರೋಗಿಗಳಾಗಿ ಅಲ್ಲಿರೋರು ಹೆಚ್ಚಾಗಿ ಕೊನೆ ಹಂತದವರೇ. ಈಗ ನಿಮಗೆ ಬೇಕಿರೋದು ಅದಲ್ಲ. ಪ್ಯಾಲಿಯೇಟಿವ್ ಅಂದ್ರೆ ನೋವು, ವಾಂತಿ, ನಿದ್ದೆ, ಮನಸ್ಸು ನೋಡಿಕೊಳ್ಳೋ ವೈದ್ಯಕೀಯ. ಕೀಮೋ ಜೊತೆಜೊತೆಗೇ ನಡೆಯುತ್ತೆ. ಕಿದ್ವಾಯಿಯಲ್ಲೂ ಆ ವಿಭಾಗ ಇದೆ. ಮಾರ್ಫಿನ್ ಅಂದ್ರೆ ಹೆದರಬೇಡಿ, ಡಾಕ್ಟರ್ ಹೇಳಿದ ಅಳತೆಯಲ್ಲಿ ತಗೊಂಡ್ರೆ ಅದು ಚಟ ಹಿಡಿಸೋ ವಿಷಯ ಅಲ್ಲ.

ಕತ್ರಿಗುಪ್ಪೆ ರಾಘು
ಅಕ್ಕ, ನಿಮಗೆಷ್ಟು ವಯಸ್ಸು? ಒಡಹುಟ್ಟಿದವರಿಗೆ ಬಂದರೆ ಮಿಕ್ಕವರು 40ನೇ ವಯಸ್ಸಿಗೆ, ಇಲ್ಲಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ, ಅಂದ್ರೆ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡೋ ಪರೀಕ್ಷೆ, ಮಾಡಿಸಿಕೊಳ್ಳಬೇಕು. ಎಂಎಂಆರ್ ದೋಷ ಬಂದರೆ ಮನೆತನದಲ್ಲೇ ಹರಿದುಬಂದಿದೆಯಾ ಅಂತಲೂ ನೋಡ್ತಾರೆ.

ಲಗ್ಗೆರೆ ಅಕ್ಕ
ನನಗೆ 47. ಅವನದ್ದೊಂದು ದಾರಿಗೆ ಬರಲಿ, ಆಮೇಲೆ ನೋಡೋಣ.

ಕತ್ರಿಗುಪ್ಪೆ ರಾಘು
ಆಮೇಲೆ ಅಂತ ಬಿಡಬೇಡಿ ಅಕ್ಕ. ನಿಮ್ಮ ತಮ್ಮನಿಗೂ ಆಮೇಲೆ ಆಮೇಲೆ ಅಂತಲೇ ಎಂಟು ತಿಂಗಳಾಗಿದ್ದು. ಬೇಜಾರು ಮಾಡ್ಕೋಬೇಡಿ ಹೀಗೆ ಹೇಳಿದ್ದಕ್ಕೆ.

ಲಗ್ಗೆರೆ ಅಕ್ಕ (ಹದಿನೆಂಟು ದಿನದ ನಂತರ)
ಎಲ್ಲರಿಗೂ ವಿಷಯ ತಿಳಿಸೋಣ ಅಂತ ಬಂದೆ. ಇಎಸ್‌ಐನಿಂದ ರೆಫರಲ್ ಆಯ್ತು. ಬ್ಲಾಕ್ ಕೊಡೋಕೆ ಮೊದಲು ಸತಾಯಿಸಿದ್ರು, ಬರೆದುಕೊಟ್ಟ ಮೇಲೆ ಕೊಟ್ರು. ಎಂಎಂಆರ್ ಸರಿ ಇದೆ, ಅಂದ್ರೆ ಇಮ್ಯುನೋ ನಮಗಲ್ಲ. ರಾಸ್ ಕೆಟ್ಟಿದೆಯಂತೆ. ಫಾಲ್‌ಫಾಕ್ಸ್ ಅನ್ನೋ ಕೀಮೋ ಜೊತೆ ಬೆವಾಸಿಜುಮಾಬ್ ಕೊಡ್ತಾರೆ. ಆಪರೇಷನ್ ಗಾಯ ಪೂರ್ತಿ ಮಾಯಲಿ ಅಂತ ಬೆವಾಸಿಜುಮಾಬನ್ನ ಸ್ವಲ್ಪ ತಡೆದು ಸೇರಿಸ್ತಾರಂತೆ. ಲಿವರ್ ಸರ್ಜನ್ ಸ್ಕ್ಯಾನ್ ನೋಡಿದ್ರು, ಈಗ ಆಗಲ್ಲ, ಎರಡು ಮೂರು ತಿಂಗಳು ಕೀಮೋ ಆಗಲಿ, ಮತ್ತೆ ಸ್ಕ್ಯಾನ್ ತಂದು ತೋರಿಸಿ ಅಂದ್ರು. ಆಗಲ್ಲ ಅಂತ ಬಾಗಿಲು ಹಾಕಲಿಲ್ಲ.

ತಮ್ಮನಿಗೆ ಹೇಳಿದೆ. ಸಿಸ್ಟರ್ ಹೇಳಿದ ಹಾಗೇ ಕೇಳಿದೆ, ಪೂರ್ತಿ ಹೇಳು ಅಂದ. ಹೇಳಿದೆ. ಬಹಳ ಹೊತ್ತು ಗೋಡೆ ನೋಡ್ತಾ ಕೂತಿದ್ದ. ಆಮೇಲೆ ಮಗಳ ಪರೀಕ್ಷೆ ವೇಳಾಪಟ್ಟಿ ತರಿಸಿ, ಕೀಮೋ ದಿನ ಗಣಿತದ ಪರೀಕ್ಷೆ ದಿನಕ್ಕೆ ಬೀಳದ ಹಾಗೆ ಮಾಡೋಕಾಗುತ್ತಾ ಕೇಳು ಅಂದ. ಅವಳನ್ನ ಗಾಡಿಯಲ್ಲಿ ಬಿಡೋದು ಅವನೇ ಅಂತೆ. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಈಗ ಮಾತಾಡ್ತಿದ್ದಾರೆ.

ಬುಧವಾರ ಮೊದಲ ಕೀಮೋ. ಕೀಮೋ ಔಷಧಿ ನಿಧಾನಕ್ಕೆ ಒಳಗೆ ಹೋಗೋ ಪಂಪ್ ಹಾಕಿ 46 ಗಂಟೆ ಮನೆಗೆ ಕಳಿಸ್ತಾರಂತೆ. ಏನು ನೋಡಿಕೊಳ್ಳಬೇಕು?

ಚೀಲದ ಜೊತೆ 6 ವರ್ಷ
ತಣ್ಣೀರು ಮುಟ್ಟಿಸಬೇಡಿ. ನನಗೂ ಅದೇ ಔಷಧಿ ಕೊಟ್ಟಿದ್ರು. ಬೆಳಗಿನ ನಲ್ಲಿ ನೀರು, ಸ್ಟೀಲ್ ಲೋಟ, ಫ್ರಿಜ್ಜಿನ ಬಾಗಿಲು ಮುಟ್ಟಿದ್ರೂ ಬೆರಳಿಗೆ ಕರೆಂಟ್ ಹೊಡೆದ ಹಾಗೆ ಆಗೋದು, ಗಂಟಲು ಹಿಡಿಯೋದು. ಉಗುರು ಬೆಚ್ಚಗಿನ ನೀರು, ಕಾಲಿಗೆ ಸಾಕ್ಸ್, ಹೊರಗೆ ಹೋದರೆ ಮಫ್ಲರ್. ಮಜ್ಜಿಗೆ, ಅಂಬಲಿ ಕೊಟ್ಟರೂ ಬೆಚ್ಚಗೆ ಮಾಡಿ ಕೊಡಿ. ಜೋಮು ದಿನೇ ದಿನೇ ಜಾಸ್ತಿ ಆದರೆ ಡಾಕ್ಟರಿಗೆ ಹೇಳಲಿ, ಸುಮ್ನೆ ಸಹಿಸೋದು ಬೇಡ. ಮೆಷಿನ್ ಮೇಲೆ ಕೆಲಸ ಮಾಡೋ ಕೈ ಅದು.

ವಾರ್ಡ್ ಸಿಸ್ಟರ್
ಇವತ್ತೇ ಒಂದು ಥರ್ಮಾಮೀಟರ್ ತಂದಿಡಿ. 100.4 ಡಿಗ್ರಿ ತೋರಿಸಿದ್ರೆ ಡೋಲೋ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ, ಅದೇ ಹೊತ್ತಲ್ಲಿ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ ಕೀಮೋ ರೋಗಿ ಅಂತ ಮೊದಲೇ ಹೇಳಿ. ಪಂಪ್ ಮಲಗುವಾಗ ದಿಂಬಿನ ಪಕ್ಕ ಇರಲಿ, ನಳಿಕೆ ಮಡಚಿಕೊಳ್ಳದ ಹಾಗೆ.

ಪರೀಕ್ಷೆ ದಿನದ್ದು ಬುಧವಾರವೇ ಕೇಳಿಬಿಡಿ. ಒಂದೆರಡು ದಿನ ಆಚೀಚೆ ಮಾಡ್ತಾರೆ.

ಲಗ್ಗೆರೆ ಅಕ್ಕ
ಆಯ್ತು ಸಿಸ್ಟರ್. ರಾಘು ಅವರೇ, ನನ್ನ ಕೊಲೊನೋಸ್ಕೋಪಿಗೂ ಮುಂದಿನ ಶನಿವಾರ ದಿನ ಕೊಟ್ಟಿದ್ದಾರೆ.